ಫರ್ಮೆಂಟರ್‌ಗೆ ಎಷ್ಟು ಲೀಟರ್ ಹಾಕಬೇಕು?

ನಾವಿರುವುದು ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ. ಇಲ್ಲಿ ಮನೆಯಲ್ಲೇ ಬಿಯರ್ ಮಾಡುವವರು ಜಾಸ್ತಿ. ನನ್ನ ಫರ್ಮೆಂಟರ್, ಅಂದರೆ ಬಿಯರ್ ಹುದುಗಲು ಇಡುವ ಬಕೆಟ್, 25 ಲೀಟರಿನದು, ರೆಸಿಪಿ 23 ಲೀಟರಿಗೆ. ಗೋಧಿ ಬಿಯರ್ ಹಾಕಿದ ಮಾರನೇ ದಿನ ನೊರೆ ಉಕ್ಕಿ ಏರ್‌ಲಾಕ್ (ಗ್ಯಾಸ್ ಹೊರಬಿಟ್ಟು ಗಾಳಿ ಒಳಗೆ ಬಿಡದ, ಮುಚ್ಚಳದ ಮೇಲಿನ ಸಣ್ಣ ನಳಿಕೆ) ಕಟ್ಟಿಕೊಂಡಿತು. ಮುಚ್ಚಳ ಉಬ್ಬಿ, ಅಂಚಿನಲ್ಲೆಲ್ಲ ಕಂದು ಅಂಟು, ಹಾಪ್ಸ್ (ಬಿಯರಿಗೆ ಕಹಿ ಕೊಡುವ ಹೂವು) ಚೂರು.

ಏರ್‌ಲಾಕ್ ಕಿತ್ತು ದಪ್ಪ ಪೈಪ್ ಸಿಕ್ಕಿಸಿ, ಇನ್ನೊಂದು ತುದಿಯನ್ನು ಸ್ಯಾನಿಟೈಸರ್ ಬೆರೆಸಿದ ನೀರಿನ ಜಗ್‌ನಲ್ಲಿ ಮುಳುಗಿಸಿದೆ. ಗ್ಯಾಸ್ ಗುಳುಗುಳು ಅಂತ ಹೊರಬಿತ್ತು, ಮುಚ್ಚಳ ಇಳಿಯಿತು.

ಈಗ ಇದೇ ಬಕೆಟ್‌ಗೆ 19 ಲೀಟರ್ ಸಾಕು ಅಂತ ಮಾಡಿಕೊಂಡಿದ್ದೇನೆ. ಗೋಧಿ ಬಿಯರಿನ ಯೀಸ್ಟ್ ವಿಪರೀತ ನೊರೆ ಎಬ್ಬಿಸುತ್ತದೆ ಅಲ್ವಾ, ಅದಕ್ಕಾದರೆ 17 ಲೀಟರ್. ಸುಮ್ನೆ ನೀರು ಮಾತ್ರ ಕಡಿಮೆ ಮಾಡಬೇಡಿ, ಬಿಯರ್ ಸ್ಟ್ರಾಂಗ್ ಆಗಿಬಿಡುತ್ತದೆ. ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಧಾನ್ಯ), ಹಾಪ್ಸ್ ಎರಡನ್ನೂ ಅದೇ ಲೆಕ್ಕದಲ್ಲಿ ಇಳಿಸಿ.