ಹೆಟೆರೋ ಅಂದರೆ ಹೆದರಬೇಡಿ

ಮಡಿಕೇರಿಯಲ್ಲಿ ಪಿಯುಸಿ ಮಕ್ಕಳಿಗೆ ಬಯಾಲಜಿ ಹೇಳಿಕೊಡುತ್ತೇನೆ. ಉದ್ದದ ಪದ ಕಂಡರೆ ಮೊದಲು ಕತ್ತರಿಸಿ. ‘ಹೆಟೆರೋ’ ಗ್ರೀಕ್ ಮಾತು, ‘ಬೇರೆ’ ಅಂತ ಅರ್ಥ. ಏನು ಬೇರೆ ಅಂತ ಬಾಲ ಹೇಳುತ್ತದೆ.

‘ಕ್ರೋಮಿಯಾ’ ಬಣ್ಣ. ಒಂದು ಕಣ್ಣು ಕಂದು, ಇನ್ನೊಂದು ನೀಲಿ ಇದ್ದರೆ ಹೆಟೆರೋಕ್ರೋಮಿಯಾ. ‘ಟ್ರೋಫ್’ ಆಹಾರ. ಮಳೆಗಾಲದಲ್ಲಿ ತೋಟದ ಕೊಳೆತ ಮರದ ಮೇಲೆ ಏಳುವ ಅಣಬೆ ಹೆಟೆರೋಟ್ರೋಫ್, ತನ್ನ ಊಟ ತಾನು ತಯಾರಿಸುವುದಿಲ್ಲ. (ಅದನ್ನು ಸಾರು ಮಾಡಿ ತಿನ್ನುವ ನಾವೂ ಅಷ್ಟೇ ಅಲ್ವಾ!)

‘ಫಿಲ್ಲಿ’ ಎಲೆ. ಇದಕ್ಕೆ ಪುಸ್ತಕ ಬೇಡ, ಹಲಸು ನೋಡಿ. ಎಳೆಯ ಗಿಡದಲ್ಲಿ ಸೀಳಿದ ಎಲೆ, ಬೆಳೆದ ಮರದಲ್ಲಿ ಸೀಳಿಲ್ಲದ ಎಲೆ. ಅದೇ ಹೆಟೆರೋಫಿಲ್ಲಿ.

ಮಕ್ಕಳು ಜಾಸ್ತಿ ತಡವರಿಸುವುದು ‘ಹೆಟೆರೋಜೈಗಸ್’ನಲ್ಲಿ. ಬಾಲದ ಮೂಲ ಅರ್ಥ ನೊಗ. ನೊಗಕ್ಕೆ ಕಟ್ಟಿದ ಜೋಡಿ ಎತ್ತು ಬೇರೆ ಬೇರೆ ಅಂದುಕೊಳ್ಳಿ. ತಳಿಶಾಸ್ತ್ರಕ್ಕೆ ಬುನಾದಿ ಹಾಕಿದ ಮೆಂಡೆಲ್ ಬೆಳೆಸಿದ ಇಂಥ ಬಟಾಣಿಯಲ್ಲಿ ಎತ್ತರದ ಅಲೀಲ್ (ಅಂದರೆ ಜೀನಿನ ಒಂದು ರೂಪ) ಒಂದು, ಗಿಡ್ಡದ್ದು ಒಂದು. ಎತ್ತರದ್ದರ ಕೈ ಮೇಲಾಗುವುದರಿಂದ ಗಿಡ ಮಾತ್ರ ಎತ್ತರವೇ.