ಸಂಪಾಜೆ ಘಾಟಿಯ ಮಂಜಿಗೆ ಹೆಡ್‌ಲೈಟ್ ಸರಿಮಾಡಿದ್ದು

ಹಳೆಯ ಕಾರು, ಎಚ್4 ಬಲ್ಬು (ಹೈ, ಲೋ ಬೀಮ್ ಎರಡೂ ಒಂದರಲ್ಲೇ ಇರುವ ಹ್ಯಾಲೊಜೆನ್ ಬಲ್ಬು). ಮಡಿಕೇರಿಯಿಂದ ಸಂಪಾಜೆಗೆ ಇಳಿಯುವಾಗ ಬೆಳಕು ಹಳದಿ, ಮಂಕು.

ಎಲ್‌ಇಡಿ ಹಾಕಿದರೆ ಮಂಜಿನಲ್ಲಿ ಬರೀ ಬಿಳಿ ಗೋಡೆ. ಹ್ಯಾಲೊಜೆನ್‌ಗೆಂದು ಮಾಡಿದ ರಿಫ್ಲೆಕ್ಟರ್ ಅಲ್ವಾ, ಬೆಳಕು ಚದುರಿ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. 100/90 ವ್ಯಾಟ್ ಬಲ್ಬಿಗೆ ಹೋಲ್ಡರ್ ಕರಗಿತು. ಎರಡಕ್ಕೂ ರಸ್ತೆಯಲ್ಲಿ ಅನುಮತಿ ಇಲ್ಲ. ಮೋಟಾರು ವಾಹನ ಕಾಯ್ದೆಯ 182ಎ(4) ಪ್ರಕಾರ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ ಬೀಳಬಹುದು.

ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 13.8 ವೋಲ್ಟ್, ಬಲ್ಬಿನಲ್ಲಿ 11.4. ತೊಂದರೆ ವೈರಿನದ್ದು.

ಮೊದಲು ಬ್ಯಾಟರಿಯ ನೆಗೆಟಿವ್ ಕಳಚಿ. ಹೈ, ಲೋ ಬೀಮಿಗೆ ಒಂದೊಂದು 30 ಆಂಪ್ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್). ಹಳೆಯ ವೈರು ರಿಲೇಯ 85, 86 ನಂಬರಿನ ಪಿನ್ನುಗಳಿಗೆ ಮಾತ್ರ, ರಿಲೇ ಆನ್ ಮಾಡಲಷ್ಟೇ. ಬ್ಯಾಟರಿಯಿಂದ 30 ನಂಬರಿನ ಪಿನ್ನಿಗೆ 2.5 ಚದರ ಮಿ.ಮೀ. ವೈರು, ಬ್ಯಾಟರಿ ಪಕ್ಕದಲ್ಲೇ 20 ಆಂಪ್ ಫ್ಯೂಸ್. 87ರಿಂದ ಬಲ್ಬಿಗೆ. ಅರ್ಥ್ ಕೂಡ ಹೊಸದು, ಇದನ್ನೇ ಜಾಸ್ತಿ ಜನ ಬಿಡುತ್ತಾರೆ. ಬಲ್ಬು ಮಾತ್ರ ಮೊದಲಿನ 60/55 ವ್ಯಾಟೇ.

ಕೊನೆಗೆ ಗೋಡೆಯಿಂದ 5 ಮೀಟರ್ ದೂರ ನಿಲ್ಲಿಸಿ, ಲೋ ಬೀಮಿನ ಮೇಲಂಚನ್ನು ಲೈಟಿನ ನಡುಮಟ್ಟಕ್ಕಿಂತ 5 ಸೆಂ.ಮೀ. ಕೆಳಗಿಳಿಸಿ. ಈಗ ಬಲ್ಬಿನಲ್ಲಿ 13.5 ವೋಲ್ಟ್.