ಕತ್ತಿಯೋ ಬಿಲ್ಲೋ: ಮೈನ್‌ಕ್ರಾಫ್ಟ್ ಪಿವಿಪಿಯಲ್ಲಿ ಎಂಟು ಬ್ಲಾಕಿನ ಲೆಕ್ಕ

ಮೈನ್‌ಕ್ರಾಫ್ಟ್ ಸರ್ವರ್‌ನಲ್ಲಿ ಬೇರೆ ಆಟಗಾರರ ಜತೆ ಕಾದಾಟಕ್ಕೆ (ಪಿವಿಪಿಗೆ) ಇಳಿದವರು ಮೊದಲು ಕೇಳುವುದೇ ಇದನ್ನು: ಕತ್ತಿ ಮೇಲೋ, ಬಿಲ್ಲು ಮೇಲೋ? ಎದುರಾಳಿ ಎಷ್ಟು ಬ್ಲಾಕ್ (ಆಟದ ಲೋಕವನ್ನು ಕಟ್ಟಿದ ಘನಾಕಾರದ ತುಂಡು, ದೂರದ ಅಳತೆಯೂ ಅದೇ) ದೂರದಲ್ಲಿದ್ದಾನೆ ಎಂದು ಹೇಳದೆ ಇದಕ್ಕೆ ಉತ್ತರವಿಲ್ಲ. ಎಂಟು ಬ್ಲಾಕಿನ ಆಚೆ ಇದ್ದರೆ ಬಿಲ್ಲು. ಈಚೆ ಬಂದರೆ ಕತ್ತಿ ಅಥವಾ ಕೊಡಲಿ. ಎಂಟೇ ಯಾಕೆ ಅನ್ನುವುದಕ್ಕೆ ಲೆಕ್ಕ ಇದೆ.

ಕೆಳಗಿನ ಅಂಕಿಗಳೆಲ್ಲ ಜಾವಾ ಎಡಿಷನ್‌ನವು, ಅದರಲ್ಲೂ 2016ರ ಫೆಬ್ರವರಿಯಲ್ಲಿ ಬಂದ 1.9 ಮತ್ತು ಅದರ ನಂತರದ ಆವೃತ್ತಿಗಳವು. ಮೊಬೈಲ್‌ನಲ್ಲಿ ಆಡುವ ಬೆಡ್‌ರಾಕ್‌ನಲ್ಲಿ ಹೊಡೆತಕ್ಕೆ ಕೂಲ್‌ಡೌನ್ (ಒಂದು ಏಟಿನ ನಂತರ ಪೂರ್ತಿ ಬಲ ಮರಳುವವರೆಗಿನ ಕಾಯುವಿಕೆ) ಇಲ್ಲ, ಹಳೆಯ 1.8 ಸರ್ವರ್‌ಗಳಲ್ಲೂ ಇಲ್ಲ. ಅಲ್ಲಿ ಟಪಟಪನೆ ಕ್ಲಿಕ್ ಮಾಡಿದವನಿಗೇ ಲಾಭ. ಅಲ್ಲಿನ ಅಭ್ಯಾಸವನ್ನು ಇಲ್ಲಿಗೆ ಹೊತ್ತು ತಂದರೆ ಸೋಲು ಖಚಿತ.

ಹತ್ತಿರದ ಹೊಡೆತ

ಆಟಗಾರನ ಜೀವ 20 ಅಂಕ, ಅಂದರೆ ಹತ್ತು ಹೃದಯ. ಕೈಗೆಟಕುವ ದೂರ 3 ಬ್ಲಾಕ್. ಕಬ್ಬಿಣದ ಕತ್ತಿಯ ಪೂರ್ತಿ ಏಟು 6 ಅಂಕ. ಮತ್ತೆ ಪೂರ್ತಿ ಬಲ ಬರಲು 0.625 ಸೆಕೆಂಡ್ ಬೇಕು. ಕಬ್ಬಿಣದ ಕೊಡಲಿಯ ಏಟು 9, ಆದರೆ ಅದಕ್ಕೆ 1.1 ಸೆಕೆಂಡ್ ಕಾಯಬೇಕು.

ಕಾಯದೆ ಹೊಡೆದರೆ ಏನಾಗುತ್ತದೆ? ಅರ್ಧ ಕೂಲ್‌ಡೌನ್‌ಗೇ ಕ್ಲಿಕ್ ಮಾಡಿದರೆ ಅರ್ಧ ಬಲವೂ ಸಿಗುವುದಿಲ್ಲ, ಸುಮಾರು ಶೇ. 40 ಮಾತ್ರ. ಕತ್ತಿಯ 6 ಅಂಕ 2.4ಕ್ಕೆ ಇಳಿಯುತ್ತದೆ. ಎದುರಾಳಿ ಮೈತುಂಬ ಕಬ್ಬಿಣದ ಕವಚ ತೊಟ್ಟಿದ್ದರೆ ಅದರಲ್ಲಿ ತಾಗುವುದು ಒಂದು ಅಂಕದಷ್ಟು, ಏಕೆಂದರೆ ಕವಚ ಸಣ್ಣ ಏಟುಗಳನ್ನೇ ಹೆಚ್ಚು ನುಂಗುತ್ತದೆ. ಇನ್ನೊಂದು ತೊಡಕು: ಒಂದು ಏಟು ಬಿದ್ದ ಮೇಲೆ ಅರ್ಧ ಸೆಕೆಂಡ್ (10 ಟಿಕ್; ಟಿಕ್ ಅಂದರೆ ಆಟದ ಗಡಿಯಾರದ ಒಂದು ಮಿಡಿತ) ಅಷ್ಟೇ ಬಲದ ಮತ್ತೊಂದು ಏಟು ತಾಗುವುದೇ ಇಲ್ಲ. ಹಾಗಾಗಿ ಅವಸರದ ಎರಡನೇ ಕ್ಲಿಕ್ ಬಹಳ ಸಲ ಗಾಳಿಗೆ ಗುದ್ದಿದಂತೆ. ವಿಡಿಯೋ ಸೆಟ್ಟಿಂಗ್ಸ್‌ನಲ್ಲಿ ಅಟ್ಯಾಕ್ ಇಂಡಿಕೇಟರ್ ಅನ್ನು ‘ಕ್ರಾಸ್‌ಹೇರ್’ಗೆ ಇಟ್ಟುಕೊಳ್ಳಿ, ಗುರಿಚಿಹ್ನೆಯ ಕೆಳಗಿನ ಪಟ್ಟಿ ತುಂಬಿದ ಮೇಲಷ್ಟೇ ಹೊಡೆಯಿರಿ.

ಏಟನ್ನು ಒಂದೂವರೆ ಪಟ್ಟು ಮಾಡುವುದು ಕ್ರಿಟ್. ಜಿಗಿದು, ಕೆಳಗೆ ಇಳಿಯುತ್ತಿರುವಾಗ ಹೊಡೆಯಬೇಕು. ಸಮತಟ್ಟು ನೆಲದಲ್ಲಿ ಒಂದು ಜಿಗಿತಕ್ಕೆ ಸುಮಾರು 0.6 ಸೆಕೆಂಡ್ ಹಿಡಿಯುತ್ತದೆ, ಕತ್ತಿಯ ಕೂಲ್‌ಡೌನ್ ಕೂಡ ಅಷ್ಟೇ. ಎರಡೂ ಒಂದೇ ತಾಳಕ್ಕೆ ಕೂರುತ್ತವೆ. ಆದರೆ ಸ್ಪ್ರಿಂಟ್‌ನಲ್ಲಿದ್ದರೆ (ವೇಗವಾಗಿ ಓಡುತ್ತಿದ್ದರೆ) ಕ್ರಿಟ್ ಆಗುವುದಿಲ್ಲ. ಓಡುತ್ತ ಹೊಡೆದರೆ ಎದುರಾಳಿ ದೂರ ಹಾರುತ್ತಾನೆ, ಓಟ ನಿಲ್ಲಿಸಿ ಇಳಿಯುತ್ತ ಹೊಡೆದರೆ ನೋವು ಹೆಚ್ಚು. ಎರಡರಲ್ಲಿ ಒಂದು. ಹೊಸಬರು ಎಡವುವುದು ಇಲ್ಲೇ: ಮುಂದೆ ಹೋಗುವ ಡಬ್ಲ್ಯೂ ಕೀಲಿ ಒತ್ತಿಯೇ ಇಟ್ಟು ಜಿಗಿಯುತ್ತಾರೆ, ಕ್ರಿಟ್ ಯಾಕೆ ಬರಲಿಲ್ಲ ಎಂದು ತಲೆ ಕೆರೆದುಕೊಳ್ಳುತ್ತಾರೆ. ಜಿಗಿದ ಕೂಡಲೇ ಡಬ್ಲ್ಯೂ ಬಿಡಿ, ಹೊಡೆದ ಮೇಲೆ ಮತ್ತೆ ಒತ್ತಿ.

ಕಬ್ಬಿಣದ ಕವಚ ತೊಟ್ಟವನನ್ನು ಬೀಳಿಸಲು ಕಬ್ಬಿಣದ ಕತ್ತಿಯ ಸಾದಾ ಏಟು 7 ಬೇಕು. ಕ್ರಿಟ್ ಆದರೆ 4 ಸಾಕು. ಕೊಡಲಿಯ ಕ್ರಿಟ್ ಆದರೆ 3. ಮಂತ್ರ ಹಾಕದ ಬಿಲ್ಲನ್ನು ಪೂರ್ತಿ ಎಳೆದು ಬಿಟ್ಟರೆ 4 ಅಥವಾ 5 ಬಾಣ. ನೋವಿನ ಲೆಕ್ಕದಲ್ಲಿ ಕತ್ತಿಗೂ ಬಿಲ್ಲಿಗೂ ಹೇಳಿಕೊಳ್ಳುವಂಥ ಅಂತರವೇ ಇಲ್ಲ ಎಂಬುದನ್ನು ಗಮನಿಸಿ.

ಬಿಲ್ಲು ಎಳೆಯಲು ಒಂದು ಸೆಕೆಂಡ್

ಬಿಲ್ಲನ್ನು ಪೂರ್ತಿ ಎಳೆಯಲು 20 ಟಿಕ್, ಅಂದರೆ ಸರಿಯಾಗಿ ಒಂದು ಸೆಕೆಂಡ್. ಎಳೆಯುತ್ತಿರುವಾಗ ನಿಮ್ಮ ನಡಿಗೆಯ ವೇಗ ಐದನೇ ಒಂದು ಭಾಗಕ್ಕೆ ಇಳಿಯುತ್ತದೆ, ಬಹುತೇಕ ನಿಂತೇ ಇರುತ್ತೀರಿ. ಎದುರಾಳಿ ಸೆಕೆಂಡಿಗೆ 5.6 ಬ್ಲಾಕ್ ಓಡುತ್ತಾನೆ. ಎಂಟು ಬ್ಲಾಕ್ ದೂರದಿಂದ ಓಡಿಬಂದರೆ, ಅವನ ಕತ್ತಿಯ 3 ಬ್ಲಾಕ್ ಕಳೆದು, ದಾಟಬೇಕಾದದ್ದು 5 ಬ್ಲಾಕ್. ಅದಕ್ಕೆ 0.9 ಸೆಕೆಂಡ್. ನಿಮ್ಮ ಬಾಣ ಹೊರಡುವ ಮೊದಲೇ ಅವನ ಏಟು ಬಿದ್ದಿರುತ್ತದೆ. ಎಂಟರ ಗೆರೆ ಎಳೆದದ್ದು ಹೀಗೆ. ಜಿಗಿಯುತ್ತ ಓಡುವವನ ವೇಗ ಸುಮಾರು 7 ಬ್ಲಾಕ್. ಅಂಥವನಿಗೆ ಗೆರೆಯನ್ನು ಹತ್ತಕ್ಕೆ ಸರಿಸಿಕೊಳ್ಳಿ.

ಅದೇ 20 ಬ್ಲಾಕ್ ದೂರದಿಂದ ಬರುವವನಿಗೆ 17 ಬ್ಲಾಕ್ ದಾಟಲು 3 ಸೆಕೆಂಡ್ ಬೇಕು. ನಿಮಗೆ ಎರಡು ಬಾಣ ನಿಶ್ಚಿಂತೆಯಿಂದ ಸಿಗುತ್ತವೆ. ಮೂರನೆಯದರ ಆಸೆಗೆ ಬೀಳಬೇಡಿ. ಏಕೆಂದರೆ ಬಿಲ್ಲಿನಿಂದ ಕತ್ತಿಗೆ ಬದಲಾಯಿಸಿದ ಕ್ಷಣ ಕೂಲ್‌ಡೌನ್ ಸೊನ್ನೆಯಿಂದ ಶುರುವಾಗುತ್ತದೆ. ಎದುರಾಳಿ ಮುಖದ ಮುಂದೆ ಬಂದ ಮೇಲೆ ಕತ್ತಿ ಹಿರಿದರೆ ಮೊದಲ 0.6 ಸೆಕೆಂಡ್ ಅದು ಬರೀ ಕಡ್ಡಿ. ಎಂಟು ಬ್ಲಾಕ್‌ನಲ್ಲೇ ಬದಲಾಯಿಸಿದರೆ ಅವನು ತಲುಪುವಷ್ಟರಲ್ಲಿ ಕತ್ತಿ ತಯಾರಾಗಿರುತ್ತದೆ. ಹಿಂದಕ್ಕೆ ನಡೆಯುತ್ತ ಬಾಣ ಬಿಡುವ ಯೋಚನೆ ಕೆಲಸಕ್ಕೆ ಬಾರದು: ಹಿಂದಕ್ಕೆ ಸ್ಪ್ರಿಂಟ್ ಮಾಡಲಾಗುವುದಿಲ್ಲ. ತಿರುಗಿ ಓಡಿ, ದೂರ ಮಾಡಿಕೊಂಡು, ಮತ್ತೆ ತಿರುಗಿ.

ಗುರಿ ಎಲ್ಲಿಡಬೇಕು

ಪೂರ್ತಿ ಎಳೆದ ಬಾಣ ಟಿಕ್‌ಗೆ 3 ಬ್ಲಾಕ್ ವೇಗದಲ್ಲಿ ಹೊರಡುತ್ತದೆ, ಗಾಳಿಗೆ ಸ್ವಲ್ಪ ನಿಧಾನವಾಗುತ್ತದೆ, ಕೆಳಗೂ ಬಾಗುತ್ತದೆ. 20 ಬ್ಲಾಕ್‌ಗೆ ಒಂದು ಬ್ಲಾಕ್, 30ಕ್ಕೆ ಎರಡೂವರೆ, 40ಕ್ಕೆ ನಾಲ್ಕೂವರೆ ಬ್ಲಾಕ್ ಇಳಿಯುತ್ತದೆ. ಅಷ್ಟು ಮೇಲೆ ಗುರಿಯಿಡಬೇಕು.

ಅಡ್ಡ ಓಡುವವನಿಗೆ ಮುಂದೆಯೂ ಇಡಬೇಕು. 20 ಬ್ಲಾಕ್ ದಾಟಲು ಬಾಣಕ್ಕೆ 0.35 ಸೆಕೆಂಡ್, 30ಕ್ಕೆ 0.52, 40ಕ್ಕೆ 0.71. ಅಷ್ಟರಲ್ಲಿ ಅವನು ಕ್ರಮವಾಗಿ 2, 3, 4 ಬ್ಲಾಕ್ ಓಡಿರುತ್ತಾನೆ. ಹತ್ತು ಬ್ಲಾಕ್ ದೂರಕ್ಕೆ ಒಂದು ಬ್ಲಾಕ್ ಮುಂದೆ, ಇಷ್ಟನ್ನೇ ಬಾಯಿಪಾಠ ಮಾಡಿ. ಪಿಂಗ್ (ಸರ್ವರ್‌ಗೆ ಸಂದೇಶ ಹೋಗಿ ಬರಲು ಹಿಡಿಯುವ ಸಮಯ) ಹೆಚ್ಚಿದ್ದರೆ ಇದಕ್ಕೆ ಇನ್ನಷ್ಟು ಸೇರುತ್ತದೆ. ಬಾಣ ಹಾರುವುದು ಸರ್ವರ್‌ನಲ್ಲಿ, ನಿಮಗೆ ಕಾಣುತ್ತಿರುವ ಎದುರಾಳಿ ಆಗಲೇ ಮುಂದೆ ಹೋಗಿರುತ್ತಾನೆ: 100 ಮಿಲಿಸೆಕೆಂಡ್ ಪಿಂಗ್‌ಗೆ ಅರ್ಧ ಬ್ಲಾಕ್‌ಗಿಂತ ಚೂರು ಹೆಚ್ಚು. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಕೂತು ಯುರೋಪಿನ ಸರ್ವರ್‌ನಲ್ಲಿ ಆಡುವವರು ಇದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಬಾಣಗಳೆಲ್ಲ ಬೆನ್ನ ಹಿಂದೆಯೇ ಹೋಗುತ್ತವೆ. ಟ್ಯಾಬ್ ಒತ್ತಿದರೆ ಹೆಸರಿನ ಪಕ್ಕ ಕಾಣುವ ಐದು ಪಟ್ಟಿ ಪೂರ್ತಿ ಇದ್ದರೆ ಪಿಂಗ್ 150ರ ಒಳಗೆ. ನಾಲ್ಕಾದರೆ ಅದನ್ನು ದಾಟಿದೆ ಎಂದರ್ಥ.

ಒಬ್ಬರೇ ಅಭ್ಯಾಸ ಮಾಡಲು ಟಾರ್ಗೆಟ್ ಬ್ಲಾಕ್ (1.16ರಿಂದ ಇದೆ) ಒಳ್ಳೆಯದು. ಸಮತಟ್ಟು ಲೋಕದಲ್ಲಿ ಒಂದನ್ನು ಇಟ್ಟು, ಅದಕ್ಕೆ ತಾಗಿಸಿ ರೆಡ್‌ಸ್ಟೋನ್ ಪುಡಿಯನ್ನು (ಆಟದಲ್ಲಿ ವಿದ್ಯುತ್ ತಂತಿ ಇದ್ದಂತೆ) ಒಂದೇ ಸಾಲಿನಲ್ಲಿ 15 ಬ್ಲಾಕ್ ಎಳೆಯಿರಿ. ಬಾಣ ನಟ್ಟನಡುವೆ ಬಿದ್ದರೆ ಹದಿನೈದೂ ಕೆಂಪಗೆ ಉರಿಯುತ್ತವೆ, ಅಂಚಿಗೆ ಹೋದಷ್ಟೂ ಸಾಲು ಗಿಡ್ಡವಾಗುತ್ತದೆ. 20, 30, 40 ಬ್ಲಾಕ್‌ಗೆ ಬೇರೆ ಬಣ್ಣದ ಉಣ್ಣೆ ಬ್ಲಾಕ್ ನೆಟ್ಟು ಅಲ್ಲಿಂದ ಹೊಡೆಯಿರಿ. ಹತ್ತರಲ್ಲಿ ಏಳು ಬಾಣ ಸಾಲಿನಲ್ಲಿ 10ಕ್ಕಿಂತ ಹೆಚ್ಚು ಬ್ಲಾಕ್ ಉರಿಸುವವರೆಗೂ 20ರಿಂದ ಹಿಂದೆ ಸರಿಯಬೇಡಿ.

ಕ್ರಾಸ್‌ಬೋ (ಮೊದಲೇ ಬಾಣ ತುಂಬಿಟ್ಟು ಬಿಡುವ ಅಡ್ಡಬಿಲ್ಲು) ನಡುವಿನ ಆಯುಧ. ತುಂಬಲು 1.25 ಸೆಕೆಂಡ್ ಬೇಕು, ಕ್ವಿಕ್ ಚಾರ್ಜ್ ಮಂತ್ರದ ಮೂರನೇ ಮಟ್ಟ ಇದ್ದರೆ ಅರ್ಧ ಸೆಕೆಂಡ್ ಸಾಕು. ಒಮ್ಮೆ ತುಂಬಿಟ್ಟರೆ ಅದು ಹಾಟ್‌ಬಾರ್‌ನಲ್ಲಿ (ಪರದೆಯ ಕೆಳಗಿನ ಆಯುಧಗಳ ಸಾಲಿನಲ್ಲಿ) ಹಾಗೆಯೇ ಇರುತ್ತದೆ, ಕೈಯಲ್ಲಿ ಹಿಡಿದು ಪೂರ್ತಿ ವೇಗದಲ್ಲಿ ಓಡಬಹುದು. ಬಿಲ್ಲಿಗೆ ಅನ್ವಯಿಸುವ ಎಂಟು ಬ್ಲಾಕಿನ ಗೆರೆ ತುಂಬಿದ ಕ್ರಾಸ್‌ಬೋಗೆ ಇಲ್ಲ. ಎರಡನ್ನು ತುಂಬಿಟ್ಟುಕೊಂಡು ಹೋಗುವವರಿದ್ದಾರೆ. ಎರಡನ್ನೂ ಬೆನ್ನಿಗೆ ಬೆನ್ನು ಬಿಟ್ಟರೆ ಮೇಲೆ ಹೇಳಿದ ಅರ್ಧ ಸೆಕೆಂಡಿನ ನಿಯಮದಿಂದ ಎರಡನೆಯದು ದಂಡ. ಒಂದು ಉಸಿರು ಬಿಟ್ಟು ಹೊಡೆಯಿರಿ.

ಬಿಲ್ಲುಗಾರನ ಮೇಲೆ ನುಗ್ಗುವುದು

ಈಗ ನೀವೇ ಕತ್ತಿ ಹಿಡಿದು ನುಗ್ಗುವವರು ಎಂದುಕೊಳ್ಳಿ. ಶೀಲ್ಡ್ (ಗುರಾಣಿ) ಎತ್ತಿ ಹಿಡಿದೇ ನಡೆದರೆ ನಿಮ್ಮ ವೇಗವೂ ಐದನೇ ಒಂದಕ್ಕೆ ಬೀಳುತ್ತದೆ, ಅವನು ಆರಾಮವಾಗಿ ದೂರ ಓಡುತ್ತಾನೆ. ಬೇಕಾದಾಗ ಮಾತ್ರ ಎತ್ತಬೇಕು. ಆದರೆ ಶೀಲ್ಡ್ ಎತ್ತಿದ ಕಾಲು ಸೆಕೆಂಡಿನ ಬಳಿಕವಷ್ಟೇ ಅದು ತಡೆಯಲು ಶುರುಮಾಡುತ್ತದೆ. 20 ಬ್ಲಾಕ್‌ನಲ್ಲಿ ಬಾಣದ ಹಾರಾಟವೇ 0.35 ಸೆಕೆಂಡ್. ಬಾಣ ಹೊರಟದ್ದನ್ನು ಕಂಡು ಎತ್ತಿದರೆ, ನಿಮ್ಮ ಕೈ ಆಡುವಷ್ಟು ಹೊತ್ತು ಸೇರಿ, ತಡವಾಗಿಯೇ ಆಗುತ್ತದೆ. ಅವನು ಬಿಲ್ಲು ಎಳೆಯಲು ಶುರುಮಾಡಿದಾಗ ಮನಸ್ಸಿನಲ್ಲೇ ಎಣಿಸಿ, ಅರ್ಧ ಸೆಕೆಂಡ್ ದಾಟಿದ ಕೂಡಲೇ ಎತ್ತಿ, ಬಾಣ ಟಕ್ಕೆಂದು ಬಡಿದ ಮೇಲೆ ಇಳಿಸಿ ಓಡಿ. ಮುಂದಿನ ಎಳೆತಕ್ಕೆ ಅವನಿಗೆ ಇನ್ನೊಂದು ಸೆಕೆಂಡ್ ಬೇಕು. ಅಷ್ಟರಲ್ಲಿ ಐದು ಬ್ಲಾಕ್ ನಿಮ್ಮದು. ಅವನ ಕೈಯಲ್ಲಿ ಪಿಯರ್ಸಿಂಗ್ ಮಂತ್ರ ಇರುವ ಕ್ರಾಸ್‌ಬೋ ಇದ್ದರೆ ಈ ಆಟ ನಡೆಯದು, ಆ ಬಾಣ ಶೀಲ್ಡನ್ನೇ ತೂರಿ ಬರುತ್ತದೆ. ಆಗ ಮರ, ಗೋಡೆ, ದಿಣ್ಣೆಗಳ ಮರೆಯೇ ಗತಿ.

ಶೀಲ್ಡ್ ಇಲ್ಲದಿದ್ದರೆ ಓರೆಯಾಗಿ ಓಡಿ, ದಿಕ್ಕು ಬದಲಿಸುತ್ತಿರಿ. ಒಂದೇ ತಾಳಕ್ಕೆ ಎಡ-ಬಲ ಮಾಡಿದರೆ ಅನುಭವಿ ಬಿಲ್ಲುಗಾರ ನಾಲ್ಕನೇ ತಿರುವಿಗೆ ನಿಮ್ಮನ್ನು ಓದಿಬಿಡುತ್ತಾನೆ. ಒಮ್ಮೆ ಬೇಗ, ಒಮ್ಮೆ ತಡವಾಗಿ ತಿರುಗಿ.

ಹತ್ತಿರ ತಲುಪಿದ ಮೇಲೆ ಅವನೇ ಶೀಲ್ಡ್ ಎತ್ತಿದರೆ ಕತ್ತಿಯಿಂದ ಬಡಿಯುವುದು ವ್ಯರ್ಥ. ಕೊಡಲಿಯ ಒಂದು ಏಟಿಗೆ ಶೀಲ್ಡ್ 5 ಸೆಕೆಂಡ್ ಕೆಲಸ ನಿಲ್ಲಿಸುತ್ತದೆ. ಅದಕ್ಕೇ ಹಾಟ್‌ಬಾರ್‌ನಲ್ಲಿ ಕತ್ತಿ ಒಂದನೆಯದು, ಕೊಡಲಿ ಎರಡನೆಯದು, ಬಿಲ್ಲು ಮೂರನೆಯದು ಇಟ್ಟುಕೊಳ್ಳಿ, ಶೀಲ್ಡ್ ಎಡಗೈಯಲ್ಲಿ. ಮೌಸ್ ಚಕ್ರ ತಿರುಗಿಸಿ ಹುಡುಕುವ ಅಭ್ಯಾಸ ಬಿಟ್ಟು ನಂಬರ್ ಕೀಲಿಯನ್ನೇ ಒತ್ತಿ. ಶೀಲ್ಡ್ ಕೆಲಸ ನಿಲ್ಲಿಸಿದ ಮೇಲೆ ಕತ್ತಿಗೆ ಮರಳಿದರೂ ಕೂಲ್‌ಡೌನ್ ಕಳೆದು ಏಳು ಏಟಿಗೆ ಸಮಯ ಉಳಿಯುತ್ತದೆ. ಮೂರು ಕ್ರಿಟ್ ಸರಿಯಾಗಿ ಕೂರುವ ಭರವಸೆ ಇದ್ದರೆ ಕೊಡಲಿಯಲ್ಲೇ ಮುಗಿಸಿ.